ತಂಬಾಕಿನ ವಿರುದ್ಧ ಯುವಕರು: ಜಾಥಾ ಮುಗಿದ ಮೇಲೆ ಅವರಿಗೆ ಕೆಲಸವೇನು?

2025ರ ಮೇ ಕೊನೆಯಲ್ಲಿ ಕರ್ನಾಟಕದ ತಂಬಾಕು ಕಾನೂನು ಬಿಗಿಯಾಯಿತು. 2003ರ ಕೇಂದ್ರ ಕಾಯ್ದೆಗೆ ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಶಾಲೆ-ಕಾಲೇಜುಗಳ ಸುತ್ತ 100 ಮೀಟರ್ ಒಳಗೆ ಮಾರುವಂತಿಲ್ಲ. ಸಿಗರೇಟನ್ನು ಒಂದೊಂದಾಗಿ ಬಿಡಿಸಿ ಕೊಡುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿವರೆಗೆ ಇದ್ದ ದಂಡ ಈಗ 1000 ರೂಪಾಯಿವರೆಗೆ ಹೋಗುತ್ತದೆ. ತಂಬಾಕು ತಿಂದು ಉಗುಳುವುದನ್ನೂ ಅದರಲ್ಲೇ ಸೇರಿಸಿದ್ದಾರೆ. ಹುಕ್ಕಾ ಬಾರ್ ನಡೆಸಿದವರಿಗೆ ಜೈಲುಶಿಕ್ಷೆಯಿದೆ.

ಇದರಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೊಂದಿದೆ. ಬಾಗಲಕೋಟೆಯ ಯಾವುದೋ ಕಾಲೇಜಿನಲ್ಲಿ ಎನ್ನೆಸ್ಸೆಸ್ ಟೊಪ್ಪಿಗೆ ಹಾಕಿಕೊಂಡು ತಂಬಾಕು ವಿರೋಧಿ ಜಾಥಾದ ಮುಂದೆ ನಡೆಯುವ ಬಿಎ ಎರಡನೇ ವರ್ಷದ ಹುಡುಗನಿಗೆ ಹತ್ತೊಂಬತ್ತು ವರ್ಷ. ಹಿಂದೆ ಅವನು ಕಾನೂನಿನ ಕಣ್ಣಿಗೆ ಪೂರ್ಣ ವಯಸ್ಕ, ಬೇಕಾದರೆ ಕೊಳ್ಳಬಹುದಿತ್ತು. ಈಗ ಕಾನೂನು ಅವನನ್ನೂ ಕಾಪಾಡಬೇಕಾಗಿದೆ. ಪಿಯು, ಐಟಿಐ, ಡಿಪ್ಲೊಮಾ ಮತ್ತು ಪದವಿಯ ಬಹುಪಾಲು ವಿದ್ಯಾರ್ಥಿಗಳು ಈ ಬೇಲಿಯೊಳಗೆ ಬಂದಿದ್ದಾರೆ. ಘೋಷಣೆ ಕೂಗುವುದಕ್ಕೆ ಕರೆಯುತ್ತಿದ್ದ ಹುಡುಗ-ಹುಡುಗಿಯರ ಆರೋಗ್ಯದ ಮೇಲೇ ನೇರವಾಗಿ ನಿಂತ ಕಾನೂನು ಇದು. ಹಾಗಿದ್ದ ಮೇಲೆ ಅದನ್ನು ಜಾರಿ ಮಾಡುವ ಕೆಲಸದಲ್ಲಿ ಅವರಿಗೆ ನಾವು ಕೊಟ್ಟಿರುವ ಪಾಲು ಎಷ್ಟು ಎಂಬುದು ಈ ಲೇಖನದ ಪ್ರಶ್ನೆ.

ಸದ್ಯಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಬಗೆ. ಮೇ 31ರ ವಿಶ್ವ ತಂಬಾಕುರಹಿತ ದಿನಕ್ಕೆ ಜಾಥಾ, ಪ್ರತಿಜ್ಞಾ ವಿಧಿ, ಅಧಿಕಾರಿಗಳ ಭಾಷಣ, ಚಿತ್ರಕಲೆ ಮತ್ತು ಪ್ರಬಂಧ ಸ್ಪರ್ಧೆ, ಒಂದು ಗುಂಪು ಫೋಟೊ. ಜಾಥಾ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಊರಿನ ಬೀದಿಯಲ್ಲಿ ನೂರು ಮಕ್ಕಳು ಒಟ್ಟಾಗಿ ಒಂದು ಮಾತು ಹೇಳಿದರೆ ಅದಕ್ಕೆ ತೂಕವಿದೆ. ಆದರೆ ವರ್ಷವಿಡೀ ಯುವಕರ ಪಾಲಿಗೆ ಬರುವುದು ಅಷ್ಟೇ ಆದರೆ ಅದು ಅಭಿಯಾನವಾಗುವುದಿಲ್ಲ. ಇನ್ನೂ ಒಂದು ತೊಡಕೆಂದರೆ, ಮೇ 31ರ ಹೊತ್ತಿಗೆ ನಮ್ಮ ಶಾಲೆಗಳು ಬೇಸಿಗೆ ರಜೆ ಮುಗಿಸಿ ಆಗಷ್ಟೇ ಬಾಗಿಲು ತೆರೆದಿರುತ್ತವೆ. ದಾಖಲಾತಿ, ಪುಸ್ತಕ, ಸಮವಸ್ತ್ರಗಳ ಗಡಿಬಿಡಿಯಲ್ಲಿ ಶಿಕ್ಷಕರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಕೇಂದ್ರ ಸರ್ಕಾರ 2023ರಿಂದ 'ತಂಬಾಕು ಮುಕ್ತ ಯುವ ಅಭಿಯಾನ'ವನ್ನು 60 ದಿನಗಳ ಕಾರ್ಯಕ್ರಮವಾಗಿ ನಡೆಸುತ್ತಿರುವುದು ಈ ದೃಷ್ಟಿಯಿಂದ ಒಳ್ಳೆಯ ಬದಲಾವಣೆ.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 13ರಿಂದ 15 ವರ್ಷದ ಶಾಲಾ ಮಕ್ಕಳ ಮೇಲೆ 2019ರಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ 8.5ರಷ್ಟು ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 1.2 ಮಾತ್ರ, ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಇನ್ನೊಂದು ಅಂಕಿ, 15 ವರ್ಷ ಮೇಲ್ಪಟ್ಟವರ ಬಗ್ಗೆ 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯದು. ಅದರಲ್ಲಿ ಕರ್ನಾಟಕದ ಪ್ರಮಾಣ ಶೇ 22.8. ಅದರಲ್ಲೂ ಸೇದುವವರಿಗಿಂತ ತಿನ್ನುವವರೇ ಸುಮಾರು ಎರಡು ಪಟ್ಟು.

ಎರಡೂ ಬೇರೆ ಬೇರೆ ತಲೆಮಾರಿನ ಲೆಕ್ಕ, ನೇರವಾಗಿ ಕಳೆದು ನೋಡುವಂಥದ್ದಲ್ಲ. ಆದರೂ ಈ ಅಂತರ ಒಂದು ಸೂಚನೆ ಕೊಡುತ್ತದೆ. ಹೈಸ್ಕೂಲು ದಾಟಿದ ಮೇಲಿನ ನಾಲ್ಕಾರು ವರ್ಷಗಳಲ್ಲೇ ಬಹಳ ಜನ ಚಟಕ್ಕೆ ಬೀಳುತ್ತಿದ್ದಾರೆ. ಶಾಲೆಯಲ್ಲಿ ನಡೆಸುವ ಸಮೀಕ್ಷೆ ಶಾಲೆಯಲ್ಲಿ ಇರುವವರನ್ನು ಮಾತ್ರ ಎಣಿಸುತ್ತದೆ ಎಂಬುದನ್ನೂ ಮರೆಯಬಾರದು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು ಅದರಲ್ಲಿಲ್ಲ. ಅವನು ನಮ್ಮ ಜಾಥಾದಲ್ಲೂ ಇರುವುದಿಲ್ಲ.

ಅವನು ಎಲ್ಲಿರುತ್ತಾನೆಂದು ಈ ಭಾಗದವರಿಗೆ ಗೊತ್ತು. ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ. ರಬಕವಿ-ಬನಹಟ್ಟಿಯ ಮಗ್ಗದ ಮುಂದೆ. ಗ್ಯಾರೇಜಿನಲ್ಲಿ, ಟ್ರ್ಯಾಕ್ಟರ್ ಮೇಲೆ, ಲಾರಿಯ ಕ್ಲೀನರ್ ಆಗಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗೋವಾ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ ಮೇಳದಲ್ಲಿ. ನಸುಕಿನಲ್ಲಿ ಎದ್ದು ಕತ್ತಲಾಗುವವರೆಗೆ ದುಡಿಯುವಾಗ ತಂಬಾಕು ಹಸಿವನ್ನೂ ನಿದ್ದೆಯನ್ನೂ ತಡೆಯುತ್ತದೆಂಬ ನಂಬಿಕೆ ಬಲವಾಗಿದೆ. ಹಿರಿಯ ಕೆಲಸಗಾರ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ, "ಒಂದ್ ಚೂರ ಇಟ್ಕೊಂಡ ನೋಡಲೇ, ಏನಾಗಂಗಿಲ್ಲ" ಅಂದರೆ ಹದಿನೇಳರ ಹುಡುಗ ಬೇಡ ಅನ್ನುವುದು ಕಷ್ಟ. ಬೇಡ ಅಂದರೆ ಇನ್ನೂ ಸಣ್ಣ ಹುಡುಗ ಎಂಬ ಮಾತು ಬರುತ್ತದೆ. ಆ ಗಳಿಗೆಯಲ್ಲಿ ಅವನ ನೆರವಿಗೆ ಬರುವ ಯಾವ ಸಾಮಗ್ರಿಯೂ ನಮ್ಮ ಅಭಿಯಾನಗಳಲ್ಲಿ ಇಲ್ಲ. ಅವು ಶಾಲೆಯ ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲೇ ನಿಂತಿವೆ.

ನಮ್ಮ ಕಡೆಯ ಚಟದ ಸ್ವರೂಪವೂ ಬೇರೆ. ಸಿಗರೇಟಿನ ಹೊಗೆ, ಕಪ್ಪಾದ ಶ್ವಾಸಕೋಶದ ಚಿತ್ರಗಳನ್ನು ತೋರಿಸುತ್ತ ಹೋದರೆ ಅರ್ಧ ಮಾತು ಮಾತ್ರ ಹೇಳಿದಂತಾಗುತ್ತದೆ. ಇಲ್ಲಿ ಹುಡುಗರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ ಗುಟ್ಕಾ, ಜರ್ದಾ ಅಥವಾ ಮಾವಾ. ಗುಟ್ಕಾವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ತಕ್ಷಣ ಅದು ಎರಡು ಚೀಟುಗಳಾಗಿ ಒಡೆಯಿತು: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಕೊಳ್ಳುವವನು ಎರಡನ್ನೂ ಹರಿದು ಬಾಯಲ್ಲಿ ಕೂಡಿಸಿಕೊಳ್ಳುತ್ತಾನೆ. ಪಾನ್ ಮಸಾಲಾದ ಹೆಸರಿನಲ್ಲಿ, ಏಲಕ್ಕಿಯ ಹೆಸರಿನಲ್ಲಿ ಸಿನಿಮಾ ತಾರೆಯರು ಟಿವಿಯಲ್ಲಿ ಬರುವುದರಿಂದ ಬ್ರ್ಯಾಂಡಿನ ಹೆಸರು ಮಕ್ಕಳ ನಾಲಿಗೆಯ ಮೇಲೆ ಮೊದಲೇ ಕೂತಿರುತ್ತದೆ.

ಮಾವಾದ ಕಥೆ ಇನ್ನೂ ಕಠಿಣ. ಅಡಿಕೆ ಚೂರು, ತಂಬಾಕು, ಸುಣ್ಣ ಸೇರಿಸಿ ಪಾನಶಾಪಿನಲ್ಲೇ ತಿಕ್ಕಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ. ಕಂಪನಿಯಿಲ್ಲ, ಪೊಟ್ಟಣವಿಲ್ಲ. ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2018ರಿಂದ ಪೊಟ್ಟಣದ ಮೇಲೆ ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆಯೂ ಇದೆ. ಮಾವಾ ತಿನ್ನುವವನ ಕಣ್ಣಿಗೆ ಇವೆರಡೂ ಬೀಳುವುದೇ ಇಲ್ಲ. ಅವನಿಗೆ ಎಚ್ಚರಿಕೆ ತಲುಪಬೇಕೆಂದರೆ ಇನ್ನೊಬ್ಬ ಮನುಷ್ಯನ ಬಾಯಿಂದಲೇ ತಲುಪಬೇಕು. ಯುವಕರನ್ನು ಈ ಕೆಲಸಕ್ಕೆ ತರಬೇಕೆಂದು ನಾನು ಒತ್ತಾಯಿಸುವುದಕ್ಕೆ ಇದು ಮುಖ್ಯ ಕಾರಣ.

ಹೇಳಬೇಕಾದ್ದನ್ನೂ ಸರಿಯಾಗಿ ಹೇಳಬೇಕು. "ಕ್ಯಾನ್ಸರ್ ಬರುತ್ತೆ" ಅಂದರೆ ಹದಿನೆಂಟರ ಹುಡುಗನಿಗೆ ಅದು ಅಜ್ಜನ ವಯಸ್ಸಿನ ಮಾತು. ಆದರೆ ಅಡಿಕೆ, ಗುಟ್ಕಾ ತಿನ್ನುವವರಲ್ಲಿ ಬಾಯಿಯ ಒಳಚರ್ಮ ಗಡಸಾಗುತ್ತ ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಇಪ್ಪತ್ತರ ಆಸುಪಾಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಖಾರ ತಿಂದರೆ ಬಾಯಿ ಉರಿಯುತ್ತದೆ, ರೊಟ್ಟಿ ಅಗಿಯಲು ಆಗುವುದಿಲ್ಲ. ಒಮ್ಮೆ ಬಿಗಿದ ಚರ್ಮ ಮೊದಲಿನಂತಾಗುವುದು ಬಹಳ ಕಷ್ಟ, ಮತ್ತು ಅದು ಕ್ಯಾನ್ಸರಿಗೆ ತಿರುಗುವ ಅಪಾಯ ಉಳಿದೇ ಇರುತ್ತದೆ. ಪರೀಕ್ಷೆ ಸುಲಭ: ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸುತ್ತದೆಯೇ ನೋಡಬೇಕು. ಹಿಡಿಸದಿದ್ದರೆ ದಂತ ವೈದ್ಯರ ಬಳಿ ಹೋಗಬೇಕು. ಕಬ್ಬಿನ ಗದ್ದೆಯ ಬದುವಿನ ಮೇಲೆ ಐದು ಜನ ಗೆಳೆಯರು ಕೂತು ಮಾಡಬಹುದಾದ ಪರೀಕ್ಷೆ ಇದು. ಒಂದು ಗಂಟೆಯ ಭಾಷಣಕ್ಕಿಂತ ಇದರ ಪರಿಣಾಮ ಹೆಚ್ಚೆಂದು ನನ್ನ ಅನಿಸಿಕೆ.

ಯುವಕರಿಗೆ ಜವಾಬ್ದಾರಿ ಕೊಟ್ಟರೆ ಫಲ ಸಿಗುತ್ತದೆಂಬುದಕ್ಕೆ ಆಧಾರ ಇದೆ. ಅಮೆರಿಕದ ಫ್ಲೋರಿಡಾ ರಾಜ್ಯ 1998ರಲ್ಲಿ ಹದಿಹರೆಯದವರನ್ನೇ ಕೂರಿಸಿ ಅಭಿಯಾನ ರೂಪಿಸಿತು. ಆ ಹುಡುಗ-ಹುಡುಗಿಯರು ರೋಗದ ಹೆದರಿಕೆಯನ್ನು ಬದಿಗಿಟ್ಟು, ತಂಬಾಕು ಕಂಪನಿಗಳು ತಮ್ಮ ವಯಸ್ಸಿನವರನ್ನು ಹೇಗೆ ಗುರಿಯಿಟ್ಟು ಮೋಸ ಮಾಡುತ್ತಿವೆ ಎಂಬುದನ್ನು ಎತ್ತಿ ತೋರಿಸಿದರು. ಅಲ್ಲಿನ ಶಾಲಾ ಮಕ್ಕಳಲ್ಲಿ ಸೇದುವಿಕೆ ಎದ್ದು ಕಾಣುವಷ್ಟು ಇಳಿಯಿತು. ನಮ್ಮ ದೇಶದಲ್ಲೇ 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಆರು ಮತ್ತು ಎಂಟನೆಯ ತರಗತಿಯ ಮಕ್ಕಳಲ್ಲೇ ಕೆಲವರನ್ನು ಗುಂಪಿನ ಮುಂದಾಳುಗಳಾಗಿ ತರಬೇತಿ ಕೊಟ್ಟು, ಚಟುವಟಿಕೆಗಳನ್ನು ಅವರ ಕೈಯಿಂದಲೇ ನಡೆಸಿದರು. ಎರಡು ವರ್ಷಗಳಾದ ಮೇಲೆ ಕಾರ್ಯಕ್ರಮ ಇಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಏರಿತ್ತು, ನಡೆದ ಶಾಲೆಗಳಲ್ಲಿ ಇಳಿದಿತ್ತು.

ಇದಕ್ಕೆ ನಾವು ಫ್ಲೋರಿಡಾದವರೆಗೆ ಹೋಗಬೇಕಾಗಿಯೂ ಇಲ್ಲ. ಚಟ ಬಿಡಿಸುವ ಕೆಲಸದಲ್ಲಿ ಇಡೀ ರಾಜ್ಯಕ್ಕೆ ದಾರಿ ತೋರಿಸಿದ್ದು ನಮ್ಮದೇ ಬಾಗಲಕೋಟೆ ಜಿಲ್ಲೆಯ ಇಳಕಲ್ಲ. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಿದರು. ದವಸ, ದುಡ್ಡು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಜನ ಬೀಡಿ, ತಂಬಾಕು, ಗುಟ್ಕಾ ಚೀಟುಗಳನ್ನು ಹಾಕಿ ಮಾತು ಕೊಟ್ಟರು. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಶಾಲಾ ವರ್ಷದ ನಡುವೆ ಬರುವ ಈ ದಿನ ನಮ್ಮ ಮೂರೂ ಜಿಲ್ಲೆಗಳಿಗೆ ಮೇ 31ಕ್ಕಿಂತ ಹೆಚ್ಚು ಒಗ್ಗುತ್ತದೆ.

ಜೋಳಿಗೆ ಯಾಕೆ ಕೆಲಸ ಮಾಡಿತು ಎಂದು ಯೋಚಿಸಬೇಕು. ಸ್ವಾಮೀಜಿಯ ಮೇಲಿನ ಭಕ್ತಿ ಒಂದು ಕಾರಣ, ನಿಜ. ಆದರೆ ಅದರಲ್ಲಿ ಎಲ್ಲರೂ ಕಲಿಯಬಹುದಾದ ಮೂರು ಸಂಗತಿಗಳೂ ಇದ್ದವು. ಅವರು ಜನರನ್ನು ವೇದಿಕೆಗೆ ಕರೆಯದೆ ಜನ ಇದ್ದಲ್ಲಿಗೇ ನಡೆದು ಹೋದರು. ಬೈಯದೆ ಬೇಡಿದರು, ಅಂದರೆ ಕೊಡುವವನ ಕೈ ಮೇಲಿತ್ತು, ಅವನ ಮರ್ಯಾದೆ ಉಳಿಯಿತು. ಮತ್ತು ಮಾತು ಕೊಟ್ಟದ್ದು ಹೆಂಡತಿ, ಮಕ್ಕಳು, ಓಣಿಯವರ ಮುಂದೆ ಆದ್ದರಿಂದ ಅದನ್ನು ನೆನಪಿಸುವವರು ಮನೆಯಲ್ಲೇ ಇದ್ದರು. ಸಾಲಾಗಿ ನಿಂತು ಮೈಕಿನ ಹಿಂದೆ ಒಟ್ಟಾಗಿ ಓದುವ ಪ್ರತಿಜ್ಞೆಗೆ ಈ ಬಲ ಇರುವುದಿಲ್ಲ. ಕಾಲೇಜಿನ ಹುಡುಗರು ನಾಲ್ಕು ಜನರ ತಂಡವಾಗಿ ತಮ್ಮದೇ ಊರಿನ ಗ್ಯಾಂಗಿನ ಗೆಳೆಯರ ಬಳಿ ಹೋಗಿ ಕೂತು ಮಾತಾಡಿದರೆ ಅದಕ್ಕೆ ಈ ಗುಣ ಬರುತ್ತದೆ. ಕಾಲೇಜಿಗೆ ಹೋದವನೂ ಕಬ್ಬು ಕಡಿಯಲು ಹೋದವನೂ ಐದನೇ ಇಯತ್ತೆಯವರೆಗೆ ಒಂದೇ ಬೆಂಚಿನ ಮೇಲೆ ಕೂತವರು. ಈ ನಂಟು ಯಾವ ಇಲಾಖೆಯ ಬಳಿಯೂ ಇಲ್ಲ.

ಇನ್ನು ಕಾನೂನಿನ ಕಡೆ ನೋಡೋಣ. ಶಿಕ್ಷಣ ಸಂಸ್ಥೆಗಳನ್ನು ತಂಬಾಕು ಮುಕ್ತ ಮಾಡುವ ಕೇಂದ್ರದ ಮಾರ್ಗಸೂಚಿಯಲ್ಲಿ ಪ್ರತಿ ಶಾಲೆಗೂ ಒಬ್ಬ ತಂಬಾಕು ಮಾನಿಟರ್ ಇರಬೇಕೆಂದಿದೆ. ಶಿಕ್ಷಕರಷ್ಟೇ ಅಲ್ಲ, ಒಂಬತ್ತನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಯೂ ಆ ಸ್ಥಾನದಲ್ಲಿರಬಹುದು. ಆರು ತಿಂಗಳಿಗೊಮ್ಮೆಯಾದರೂ ಒಂದು ಚಟುವಟಿಕೆ ನಡೆಯಬೇಕು, ನೂರು ಗಜದ ಅಂಚಿಗೆ ಹಳದಿ ಗೆರೆ ಎಳೆಯಬೇಕು. ಹಲವು ಕಡೆ ಮಾನಿಟರ್ ಎಂದರೆ ಫಲಕದ ಮೇಲಿನ ಒಂದು ಹೆಸರು. ಆ ಹೆಸರಿಗೆ ಕೆಲಸ ಕೊಡಿ. ಭೂಗೋಳದ ಪಾಠದಲ್ಲಿ ನಕ್ಷೆ ಬಿಡಿಸುವುದು ಇದ್ದೇ ಇದೆ. ಶಾಲೆಯನ್ನು ನಡುವೆ ಇಟ್ಟು, ಟೇಪು ಹಿಡಿದು, ತಂಬಾಕು ಸಿಗುವ ಅಂಗಡಿಗಳನ್ನೂ ಅಂತರವನ್ನೂ ಮಕ್ಕಳೇ ಗುರುತಿಸಲಿ. ಚಾಕೊಲೇಟಿನ ಡಬ್ಬಿಯ ಪಕ್ಕದಲ್ಲೇ ಚೀಟುಗಳ ಮಾಲೆ ತೂಗುತ್ತಿದೆಯೇ ಎಂದೂ ಬರೆಯಲಿ. ತಂಬಾಕು ಮಾರುವ ಅಂಗಡಿಯಲ್ಲಿ ಮಕ್ಕಳ ತಿನಿಸು ಮಾರದಂತೆ ಪರವಾನಗಿ ವ್ಯವಸ್ಥೆ ತರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಿತ್ತು.

ಆ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಬಿಡಬಾರದು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಲ್ಲಿ ಅಧ್ಯಕ್ಷರು, ಪಿಡಿಒ ಎದುರಿಗೆ ಮಕ್ಕಳು ಪ್ರಶ್ನೆ ಕೇಳಬಹುದು, ಉತ್ತರ ದಾಖಲಾಗಬೇಕು. ಶೌಚಾಲಯ, ಕಾಂಪೌಂಡು, ಬಸ್ಸಿನ ಬೇಡಿಕೆಗಳ ಜೊತೆಗೆ ಈ ನಕ್ಷೆಯೂ ಮೇಜಿನ ಮೇಲೆ ಬರಲಿ. ಮುಂದಿನ ವರ್ಷ ಅದೇ ಮಕ್ಕಳು ಮತ್ತೆ ಅಳೆದು ಎಷ್ಟು ಅಂಗಡಿ ಸರಿದಿದೆ ಎಂದು ಕೇಳಲಿ. ಊರಿನ ಆಡಳಿತದ ಮೇಲೆ ಮಕ್ಕಳಿಗೆ ಇರುವ ಈ ಹಿಡಿತವನ್ನು ತಂಬಾಕಿನ ವಿಷಯಕ್ಕೆ ಬಳಸಿಕೊಳ್ಳದಿರುವುದು ದೊಡ್ಡ ನಷ್ಟ.

ಇಲ್ಲಿ ಒಂದು ಎಚ್ಚರ ತುಂಬಾ ಅಗತ್ಯ. ಮಕ್ಕಳನ್ನು ಅಂಗಡಿಯವರ ಜೊತೆ ಜಗಳಕ್ಕೆ ಬಿಡಬಾರದು. ಹಳ್ಳಿಯಲ್ಲಿ ಅಂಗಡಿ ಮಾಮಾನದೋ, ಪಕ್ಕದ ಬೆಂಚಿನ ಗೆಳತಿಯ ಅವ್ವನದೋ ಆಗಿರುತ್ತದೆ. ದೂರು ಕೊಟ್ಟವರ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ನಕ್ಷೆ, ವರದಿ ಶಾಲೆಯ ಹೆಸರಿನಲ್ಲಿ ಹೋಗಬೇಕು. ತಪಾಸಣೆ, ದಂಡ ಅಧಿಕಾರಿಗಳ ಹೆಗಲಿಗೇ ಇರಬೇಕು. ಮಗುವಿನ ಕೈಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದು ಎಷ್ಟೋ ಅಂಗಡಿಯವರಿಗೆ ಗೊತ್ತಿಲ್ಲ. ಮೊದಲು ಅದನ್ನು ಅವರಿಗೆ ತಿಳಿಸಿ ಹೇಳಬೇಕು. ಅಂಗಡಿ ಸರಿಸಲು ಕಾಲಾವಕಾಶ ಕೊಡಬೇಕು. ದಿನಕ್ಕೆ ಕೆಲವು ನೂರು ರೂಪಾಯಿ ದುಡಿಯುವ ಪಾನಶಾಪಿನವರನ್ನು ಈ ಹೋರಾಟದ ಶತ್ರುವಾಗಿ ನಿಲ್ಲಿಸುವುದು ನ್ಯಾಯವಲ್ಲ. ಲಾಭದ ದೊಡ್ಡ ಪಾಲು ಬೇರೆಯವರದು.

ಬಿಡಲು ಬಯಸುವವರ ಬಗ್ಗೆ ನಮ್ಮ ಅಭಿಯಾನಗಳು ಬಹಳ ಕಡಿಮೆ ಮಾತಾಡುತ್ತವೆ. ನಿಕೋಟಿನ್ ಎಳೆಯ ಮಿದುಳನ್ನು ಬೇಗ ಹಿಡಿಯುತ್ತದೆ. ಬಿಟ್ಟ ಮೊದಲ ಕೆಲವು ದಿನ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಸಹಜ. ತಿನ್ನಬೇಕೆಂಬ ಒಂದೊಂದು ತೀವ್ರ ಬಯಕೆ ಕೆಲವೇ ನಿಮಿಷ ಇರುತ್ತದೆ. ಇದನ್ನು ಮೊದಲೇ ತಿಳಿದವನು ತಾನು ದುರ್ಬಲ ಎಂದುಕೊಂಡು ಕೈಚೆಲ್ಲುವುದಿಲ್ಲ. 1800-112-356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತಾಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಇಂಟರ್ನ್‌ಗಳು ಇಪ್ಪತ್ತೆರಡು-ಇಪ್ಪತ್ತಮೂರರ ಯುವಕ-ಯುವತಿಯರು. ಕಬ್ಬು ನುರಿಸುವ ಹಂಗಾಮಿನಲ್ಲಿ ಗ್ಯಾಂಗಿನ ಗುಡಿಸಲುಗಳಿಗೆ ಹೋಗಿ ಬಾಯಿ ತಪಾಸಣೆ ಮಾಡಿ, ಮೂರು ತಿಂಗಳು ಫೋನಿನಲ್ಲಿ ವಿಚಾರಿಸುವ ಕೆಲಸ ಅವರದಾದರೆ ಅದು ನಿಜವಾದ ಯುವ ಅಭಿಯಾನ. ಹಲ್ಲುಜ್ಜಲು ಮಶೇರಿ ಬಳಸುವ ಗಡಿಭಾಗದ ಹೆಣ್ಣುಮಕ್ಕಳ ಜೊತೆ ಮಾತಾಡಲು ಯುವತಿಯರೇ ಬೇಕು. ಮಶೇರಿಯೂ ತಂಬಾಕೇ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನಿಪ್ಪಾಣಿಯ ಮಾತು ಬಿಟ್ಟರೆ ಈ ಚರ್ಚೆ ಪ್ರಾಮಾಣಿಕವಾಗುವುದಿಲ್ಲ. ನಿಪ್ಪಾಣಿ, ಚಿಕ್ಕೋಡಿ ಭಾಗ ಬೀಡಿ ತಂಬಾಕಿನ ಹಳೆಯ ನೆಲ. 1981ರಲ್ಲಿ ಇಲ್ಲಿನ ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿ ತಡೆದು ಕೂತರು; ಪೊಲೀಸರ ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. ತಂಬಾಕಿನ ವಖಾರಗಳಲ್ಲಿ ಧೂಳು ಕುಡಿಯುತ್ತ ದುಡಿದ ಹೆಣ್ಣುಮಕ್ಕಳು ಕೂಲಿಗಾಗಿ ಸಂಘ ಕಟ್ಟಿದ ನೆಲವೂ ಇದೇ. ಇಲ್ಲಿನ ಹೈಸ್ಕೂಲಿನಲ್ಲಿ ನಿಂತು "ತಂಬಾಕು ವಿಷ" ಎಂದಷ್ಟೇ ಹೇಳಿದರೆ, ಆ ಬೆಳೆಯ ದುಡ್ಡಿನಲ್ಲೇ ಫೀಸು ಕಟ್ಟಿದ ಮಗುವಿನ ಮುಂದೆ ಅವನ ಅಪ್ಪನನ್ನು ಅಪರಾಧಿ ಮಾಡಿದಂತಾಗುತ್ತದೆ. ಅದೇ ಮಗುವಿಗೆ ಬೇರೆ ಸಂಗತಿಗಳನ್ನು ಹೇಳಬಹುದು. ಹಸಿ ಎಲೆ ಮುಟ್ಟುವಾಗ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಬೇಕು. ಭಾರತ 2004ರಲ್ಲಿ ಒಪ್ಪಿದ ಜಾಗತಿಕ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೂ ಕೆಲಸಗಾರರಿಗೂ ಬದಲಿ ಜೀವನೋಪಾಯ ಕೊಡಬೇಕೆನ್ನುತ್ತದೆ. ನೀರಾವರಿ ಬಂದ ಕಡೆ ಕಬ್ಬು, ಮಳೆಯಾಶ್ರಯದಲ್ಲಿ ಸೋಯಾಬೀನ್ ಆಗಲೇ ತಂಬಾಕಿನ ಜಾಗಕ್ಕೆ ಬಂದಿವೆ. ಯಾವ ಹೊಲಕ್ಕೆ ಯಾವ ಬೆಳೆ ಹೊಂದುತ್ತದೆ, ಖರ್ಚು ಎಷ್ಟು, ಉಳಿಯುವುದು ಎಷ್ಟು ಎಂದು ಮನೆಯವರ ಜೊತೆ ಕೂತು ಲೆಕ್ಕ ಹಾಕಿ, ನಿಪ್ಪಾಣಿಯಲ್ಲೇ ಇರುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿ ಬರುವುದು ಆ ಊರಿನ ವಿದ್ಯಾರ್ಥಿಗಳಿಗೆ ಘೋಷಣೆಗಿಂತ ಯೋಗ್ಯ ಕೆಲಸ.

ಇದಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007-08ರಿಂದ ಇದೆ. ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿ ಸೇರುತ್ತದೆ. ಆರೋಗ್ಯ, ಪೊಲೀಸ್, ಶಿಕ್ಷಣ, ಪಂಚಾಯತ್ ರಾಜ್ ಅಧಿಕಾರಿಗಳು ಅಲ್ಲಿ ಕೂರುತ್ತಾರೆ. ಅದೇ ಮೇಜಿನ ಮುಂದೆ 21 ವರ್ಷದೊಳಗಿನ ಇಬ್ಬರಿಗೆ ಕುರ್ಚಿ ಹಾಕಬೇಕು: ಒಬ್ಬರು ಕಾಲೇಜಿನಿಂದ, ಇನ್ನೊಬ್ಬರು ದುಡಿಯುವ ಯುವಕರ ಕಡೆಯಿಂದ. ಎಷ್ಟು ಜಾಥಾ ಮಾಡಿದಿರಿ ಎಂಬ ಕಲಮು ತುಂಬುವ ಮೊದಲು, ಎಷ್ಟು ಶಾಲೆಗಳ ನಕ್ಷೆ ಬಂತು, ಅದರಲ್ಲಿ ಎಷ್ಟು ಅಂಗಡಿ ಸರಿದವು, ಎಷ್ಟು ಜನ ಬಿಟ್ಟು ಮೂರು ತಿಂಗಳು ದಾಟಿಸಿದರು ಎಂಬ ಲೆಕ್ಕವನ್ನು ಅವರಿಬ್ಬರ ಬಾಯಿಂದ ಕೇಳಬೇಕು. ಹಾಗೆ ಸಭೆ ನಡೆಸಲು ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು.